ಹೆಪ್ಪುಗಟ್ಟಿದ ನೆಲ ಕರಗಿದರೆ ಗಿಡಗಳಿಗೆ ಗೊಬ್ಬರ ಸಿಕ್ಕಂತೆ ಅಲ್ವಾ?

ಗದ್ದೆಯಂಚು:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಭತ್ತ, ಅಡಿಕೆ ಇದೆ. ಒಂಬತ್ತನೇ ಕ್ಲಾಸಿನ ಮಗಳ ಪ್ರಾಜೆಕ್ಟಿಗೆ ಪರ್ಮಾಫ್ರಾಸ್ಟ್ ಬಗ್ಗೆ ಓದುತ್ತಿದ್ದೆವು. ಕನಿಷ್ಠ ಸತತ ಎರಡು ವರ್ಷ ಸೊನ್ನೆ ಡಿಗ್ರಿ ದಾಟದೆ ಹೆಪ್ಪುಗಟ್ಟಿರುವ ನೆಲವಂತೆ. ಅದರೊಳಗೆ ಸಾವಿರಾರು ವರ್ಷದ ಹುಲ್ಲು, ಬೇರು ಕೊಳೆಯದೆ ಕೂತಿದೆಯಂತೆ. ನಾವು ಕೊಟ್ಟಿಗೆಗೆ ದರಗು ಹಾಕಿ ಗೊಬ್ಬರ ಮಾಡುವವರು. ಹಾಗಾದರೆ ಆ ನೆಲ ಕರಗಿದರೆ ಗೊಬ್ಬರಗುಂಡಿ ತೆರೆದಂತೆ ಅಲ್ವಾ? ಗಿಡ ಚೆನ್ನಾಗಿ ಬೆಳೆದು ಇಂಗಾಲವನ್ನು ವಾಪಸ್ ಹೀರಿಕೊಳ್ಳಬೇಕಲ್ಲ? ಮತ್ತೆ ಯಾಕೆ ಎಲ್ಲರೂ ಹೆದರುತ್ತಾರೆ?

ಉತ್ತರದ ಹಕ್ಕಿ:
ಸರ್, ಇದೇ ಪ್ರಶ್ನೆ ಹಿಡಿದುಕೊಂಡು ನಾನು ಸ್ವೀಡನ್ನಿನ ಅಬಿಸ್ಕೋದಲ್ಲಿ ಎರಡು ಬೇಸಿಗೆ ಕಳೆದಿದ್ದೇನೆ. ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕಿದೆ. ಪಕ್ಕದಲ್ಲೇ ಸ್ಟೋರ್ಡಾಲೆನ್ ಅನ್ನೋ ಜೌಗು. ಅಲ್ಲಲ್ಲಿ ಒಣ ದಿಬ್ಬಗಳು, ದಿಬ್ಬದ ಹೊಟ್ಟೆಯೊಳಗೆ ಮಂಜುಗಡ್ಡೆ.

ನನ್ನ ಕೆಲಸ ಗೀಟು ಹಾಕಿದ ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತುವುದು. ಮೆತ್ತಗೆ ಇಳಿಯುತ್ತಾ ಹೋಗಿ ಒಂದು ಕಡೆ ಟಕ್ ಅಂತ ನಿಲ್ಲುತ್ತದೆ. ಆ ಪೆಟ್ಟು ಅಂಗೈಗೆ ಗೊತ್ತಾಗುತ್ತದೆ. ಅಲ್ಲಿಂದ ಕೆಳಗೆ ಹೆಪ್ಪು. ಜೂನ್ ಮೊದಲಲ್ಲಿ ಒಂದು ಗೇಣು ಇಳಿದರೆ ಜಾಸ್ತಿ. ಸೆಪ್ಟೆಂಬರಿನಲ್ಲಿ ಮೊಣಕಾಲಿನಷ್ಟು.

ನಿಮ್ಮ ಊಹೆ ಅರ್ಧ ಸರಿ. ಆ ಟಕ್ ಅನ್ನುವ ಜಾಗದ ಮಣ್ಣು ಕರಗಿದಾಗ ಗಿಡಕ್ಕೆ ದಕ್ಕುವ ಸಾರಜನಕ ಸಿಗುತ್ತದೆ. ಫ್ರೀಡಾ ಕ್ಯೂಪರ್ ಅವರ ತಂಡ 2012ರಲ್ಲೇ ಇದನ್ನು ತೋರಿಸಿತು. ತೊಂದರೆ ಇರುವುದು ಹೊತ್ತಿನಲ್ಲಿ. ಕರಗುವಿಕೆ ಅತಿ ಆಳಕ್ಕೆ ಇಳಿಯುವುದು ಸೆಪ್ಟೆಂಬರ್ ಹೊತ್ತಿಗೆ, ಅಷ್ಟರಲ್ಲಿ ಎಲೆ ಕೆಂಪಾಗಿ ಉದುರುತ್ತಿರುತ್ತವೆ. ಊಟ ಬಡಿಸುವಾಗ ಪಂಕ್ತಿಯೇ ಎದ್ದುಹೋದ ಹಾಗೆ. ಅದೇ ತಂಡ ಆಮೇಲೆ ಆ ಆಳಕ್ಕೇ ಗೊಬ್ಬರ ಇಟ್ಟು ನೋಡಿತು. ಬೇರು ಕೆಳಗೆ ಬಿಡುವ ಕ್ಲೌಡ್‌ಬೆರಿ ಗಿಡ ಚಿಗಿತುಕೊಂಡಿತು. ಬೇರು ಮೇಲೇ ಹರಡುವ ಕ್ರೋಬೆರಿ ಪೊದೆಗೆ ಏನೂ ಲಾಭವಾಗಲಿಲ್ಲ. ಹಾಗಾಗಿ ಯಾವ ಗಿಡ ಗೆಲ್ಲುತ್ತದೆ ಅನ್ನೋದೇ ಬದಲಾಗುತ್ತದೆ.

ಇನ್ನು ಸೂಕ್ಷ್ಮಜೀವಿಗಳು. ಹೆಪ್ಪಿನಲ್ಲೂ ಮಣ್ಣಿನ ಕಣಗಳ ಸುತ್ತ ತೆಳ್ಳಗೆ ನೀರಿನ ಪೊರೆ ಇರುತ್ತದೆ. ಕೆಲವು ಅಲ್ಲೇ ನಿಧಾನಕ್ಕೆ ಬದುಕಿರುತ್ತವೆ. ಬೆಚ್ಚಗಾದರೆ ಹಳೆಯ ಬೇರನ್ನೆಲ್ಲ ಮೇಯಲು ಶುರು ಮಾಡುತ್ತವೆ. ಒಣ ಜಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆದರೆ ಒಳಗಿನ ಮಂಜುಗಡ್ಡೆ ಕರಗಿದರೆ ದಿಬ್ಬವೇ ಕುಸಿದು ನೀರು ನಿಲ್ಲುತ್ತದೆ. ಗಾಳಿಯಾಡದ ಆ ಕೆಸರಿನಲ್ಲಿ ಮೀಥೇನ್ ಮಾಡುವ ಜೀವಿಗಳದ್ದೇ ರಾಜ್ಯ. ಹಾಗೆ ಸಿಕ್ಕ ಒಂದಕ್ಕೆ 2014ರಲ್ಲಿ ಆ ಜೌಗಿನ ಹೆಸರನ್ನೇ ಇಟ್ಟರು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಹಿಂದಿನ ವರ್ಷ ನಿಂತಿದ್ದ ದಿಬ್ಬದ ಅಂಚು ಮರುವರ್ಷ ಹೋದಾಗ ನೀರಿನಲ್ಲಿತ್ತು. ಕಾಲಿಟ್ಟರೆ ಬೂಟಿನ ಸುತ್ತ ಗುಳ್ಳೆ ಬುಳುಬುಳು ಎದ್ದವು. ನನಗೆ ನಿಜಕ್ಕೂ ಸಂಕಟವಾಯಿತು.

ಗದ್ದೆಯಂಚು:
ಮೇಡಂ, ನಾಟಿ ಹೊತ್ತಲ್ಲಿ ಗದ್ದೆಗೆ ಇಳಿದರೆ ನಮಗೂ ಹೀಗೇ ಗುಳ್ಳೆ ಬರುತ್ತದೆ! ಅದೂ ಇದೇನಾ?

ಉತ್ತರದ ಹಕ್ಕಿ:
ಹೌದು ಸರ್, ಅದರಲ್ಲೂ ಮೀಥೇನ್ ಇರುತ್ತದೆ, ಮಾಡುವವೂ ಅದೇ ಬಳಗದವು. ಭತ್ತದ ಕಾಂಡವನ್ನು ಅಡ್ಡ ಕೊಯ್ದು ಮಗಳಿಗೆ ತೋರಿಸಿ. ಒಳಗೆ ಗಾಳಿಯ ಪೊಳ್ಳುಗಳಿವೆ. ಬೇರಿಗೆ ಗಾಳಿ ಇಳಿಯುವುದೂ ಕೆಸರಿನ ಮೀಥೇನ್ ಮೇಲೇರುವುದೂ ಅದೇ ದಾರಿಯಲ್ಲಿ. ಕುಸಿದ ಜೌಗಿನಲ್ಲಿ ಹೊಸದಾಗಿ ಬರುವ ಜೊಂಡಿನಂಥ ಹುಲ್ಲುಗಳದ್ದೂ ಇದೇ ಕಥೆ. ಕಣ್ಣಿಗೆ ಹಚ್ಚಗೆ ಕಾಣುತ್ತವೆ, ಒಳಗಿನಿಂದ ಚಿಮಣಿಯಂತೆ ಕೆಲಸ ಮಾಡುತ್ತಿರುತ್ತವೆ.

ಮಣ್ಣುಮಾತು:
ಗಿಡ ವಾಪಸ್ ಹೀರುತ್ತದಲ್ಲ ಅಂದಿರಿ. ಅಲಾಸ್ಕಾದ ಏಟ್ ಮೈಲ್ ಲೇಕ್ ಬಳಿ ಟೆಡ್ ಶೂರ್ ತಂಡ ಇದನ್ನೇ ಅಳೆದು 2009ರಲ್ಲಿ ಪ್ರಕಟಿಸಿತು. ಸುಮಾರು 15 ವರ್ಷದಿಂದ ಕರಗುತ್ತಿದ್ದ ಜಾಗದಲ್ಲಿ ಗಿಡಗಳ ಬೆಳವಣಿಗೆಯೇ ಮೇಲುಗೈ. ಇನ್ನೂ ಹಲವು ದಶಕ ಹಿಂದೆ ಕರಗಿದ ಜಾಗದಲ್ಲಿ ಮಾತ್ರ ಹಳೆಯ ಇಂಗಾಲದ ನಷ್ಟವೇ ಜಾಸ್ತಿ. ಮೊದಮೊದಲ ಹಸಿರು ನೋಡಿ ನಂಬಬಾರದು.

ಗದ್ದೆಯಂಚು:
ಮಗಳ ಒಂದು ಪ್ರಶ್ನೆ: ಎಲೆ ಉದುರಿದ ಮೇಲೆ ಬೇರೂ ಮಲಗಿಬಿಡುತ್ತಾ?

ಉತ್ತರದ ಹಕ್ಕಿ:
ಜಾಣೆ! ಇಲ್ಲ, ಎಲೆ ಹೋದ ಮೇಲೂ ಬೇರು ಸ್ವಲ್ಪ ಕಾಲ ಕೆಲಸ ಮಾಡುತ್ತದೆ. ಅಲಾಸ್ಕಾದಲ್ಲಿ, ಎಲ್ಲಿಗೆ ಹೋಯಿತು ಅಂತ ಪತ್ತೆಯಾಗುವ ಹಾಗೆ ಗುರುತು ಹಚ್ಚಿದ ಸಾರಜನಕವನ್ನು ಶರತ್ಕಾಲದಲ್ಲಿ ಹೆಪ್ಪಿನ ಅಂಚಿಗೇ ಇಟ್ಟು ನೋಡಿದ್ದಾರೆ. ಅದು ಗಿಡಗಳಲ್ಲಿ ಸಿಕ್ಕಿತು. ನಾನು ಮೇಲೆ ಪಂಕ್ತಿ ಎದ್ದುಹೋಯಿತು ಅಂದೆನಲ್ಲ, ಅದನ್ನು ತಿದ್ದಿಕೊಳ್ಳುತ್ತೇನೆ. ಹತ್ತಿಹುಲ್ಲಿನಂಥ ಕೆಲವರು ಇನ್ನೂ ಎಲೆ ಮುಂದೆ ಕೂತಿರುತ್ತಾರೆ. ಪ್ರಾಜೆಕ್ಟಿನಲ್ಲಿ ಬೇರಿನ ಚಿತ್ರವನ್ನು ಎಲೆಗಿಂತ ದೊಡ್ಡದಾಗಿ ಬಿಡಿಸಲು ಹೇಳಿ.