ಮಂಗಳನಲ್ಲಿ ಆಲೂಗಡ್ಡೆ, ಗುಮ್ಮಟದಲ್ಲಿ ಇಸ್ಪೀಟು

ಮಂಗಳ ಗ್ರಹದಲ್ಲಿ ಮೊದಲು ಏನು ಹಾಕಬೇಕು ಅಂತ ಹಾಸನದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದಾ? ಕಂಪ್ಯೂಟರ್ ಗೇಮ್‌ನ ಬೆಳೆ ಪಟ್ಟಿಯಲ್ಲಿ ಆಲೂಗಡ್ಡೆ ಕಂಡಿದ್ದೇ ತಡ, ಆಲೂ ಬೆಳೆಯುವ ನಮ್ಮ ಮಂಜ ಎದ್ದು ಕೂತ.

"ಬಿತ್ತನೆ ಗೆಡ್ಡೆ ಎಲ್ಲಿಂದ? ನಮ್ಮ ಹಾಗೆ ಪಂಜಾಬಿನ ಜಲಂಧರದಿಂದಲೇನಾ?"

"ಭೂಮಿಯಿಂದ, ರಾಕೆಟ್‌ನಲ್ಲಿ."

"ಲಾರಿ ಬಾಡಿಗೆಗೇ ಅಸಲು ಹುಟ್ಟಲ್ಲ, ಇನ್ನು ರಾಕೆಟ್ ಬಾಡಿಗೆ ಯಾರಪ್ಪ ಕೊಡ್ತಾನೆ?"

ಗೇಮ್ ಹೆಸರು ಸರ್ವೈವಿಂಗ್ ಮಾರ್ಸ್. ಬಲ್ಗೇರಿಯಾದ ಹೇಮಿಮಾಂಟ್ ಗೇಮ್ಸ್‌ನವರು ಮಾಡಿದ್ದು, 2018ರ ಮಾರ್ಚ್‌ನಲ್ಲಿ ಬಂತು. ಮೊದಲು ಡ್ರೋನ್ ಇಳಿಸಿ, ಕಾಂಕ್ರೀಟ್ ತೆಗೆಸಿ, ಕರೆಂಟು, ನೀರು, ಆಕ್ಸಿಜನ್ ಮೂರೂ ಹೊಂದಿಸಿಕೊಂಡು, ಒಂದು ದೊಡ್ಡ ಗುಮ್ಮಟ ಕಟ್ಟಿ, ಆಮೇಲೆ ಜನರನ್ನು ಕರೆಸಬೇಕು. ದುಡ್ಡು ಹಾಕುವ ದೇಶ ಯಾವುದು ಅಂತ ನಾವೇ ಆರಿಸಬಹುದು. ಪಟ್ಟಿಯಲ್ಲಿ ಭಾರತವೂ ಇದೆ. "ಊರಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇಟ್ಟುಕೊಂಡು ಅಮೆರಿಕ ಆರಿಸಿದರೆ ಚೆನ್ನಾಗಿರಲ್ಲ" ಎಂದು ಲೋಕೇಶ ತೀರ್ಪು ಕೊಟ್ಟ.

ರೇಖಾ ಸುಮ್ನಿರುವವಳಲ್ಲ. "ಮಂಗಳಯಾನವನ್ನು ನಡೆಸಿದ್ದು ಇಸ್ರೋದ ಇನ್ನೊಂದು ಕೇಂದ್ರ, ಬೆಂಗಳೂರಿನ ಇಸ್ಟ್ರಾಕ್. ನಮ್ಮ ಎಂಸಿಎಫ್ ನೋಡಿಕೊಳ್ಳೋದು ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು."

"ಇರಲಿ ಬಿಡಮ್ಮ. 2014ರ ಸೆಪ್ಟೆಂಬರ್ 24ಕ್ಕೆ ಅದು ಮಂಗಳನ ಕಕ್ಷೆ ಸೇರಿದಾಗ ಲಡ್ಡು ಹಂಚಿದ್ದು ನಾವೂ ತಾನೆ."

ಮೊದಲ ಆಟ ರೇಖಾಳದು. ಇಂಜಿನಿಯರ್ ಅಲ್ವಾ, ಗುಮ್ಮಟದ ತುಂಬ ಲ್ಯಾಬ್ ಕಟ್ಟಿದಳು. ಹೊರಗೆ ಸಾಲಾಗಿ ಮಾಕ್ಸಿ ಯಂತ್ರಗಳು, ಅಂದರೆ ಅಲ್ಲಿನ ಗಾಳಿಯಿಂದ ಆಕ್ಸಿಜನ್ ತೆಗೆಯುವಂಥವು. ಇದು ಕಟ್ಟುಕಥೆಯಲ್ಲ, ನಾಸಾದ ಪರ್ಸಿವಿಯರೆನ್ಸ್ ರೋವರ್ ಮೇಲೆ ಇದೇ ಹೆಸರಿನ ಯಂತ್ರ ನಿಜವಾಗಿಯೂ ಇತ್ತು, 2021ರಿಂದ 2023ರವರೆಗೆ ಒಟ್ಟು 122 ಗ್ರಾಂ ಆಕ್ಸಿಜನ್ ಮಾಡಿತು. ಒಂದು ಸಣ್ಣ ನಾಯಿಗೆ ಸುಮಾರು ಹತ್ತು ಗಂಟೆ ಉಸಿರಾಡಲು ಸಾಕು ಎಂದು ನಾಸಾದವರೇ ಲೆಕ್ಕ ಹೇಳಿದ್ದಾರೆ.

"ಆಮೇಲೆ ನಾಯಿ ಏನು ಮಾಡಬೇಕು?" ಎಂದ ಮಂಜ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಗೇಮ್‌ನಲ್ಲಿ ಧೂಳಿನ ಬಿರುಗಾಳಿ ಎದ್ದರೆ ಮಾಕ್ಸಿ ಕೆಲಸ ನಿಲ್ಲಿಸುತ್ತದೆ. ಅದನ್ನೂ ರೇಖಾ ದಾಟಿದಳು, ಟ್ಯಾಂಕಿಯಲ್ಲಿ ಮೊದಲೇ ತುಂಬಿಸಿ ಇಟ್ಟಿದ್ದಳು. ಸೋತದ್ದು ಜನರಿಂದ. ಬರುವ ಒಬ್ಬೊಬ್ಬನಿಗೂ ಒಂದೊಂದು ಗುಣ ಅಂಟಿಕೊಂಡಿರುತ್ತದೆ: ಕುಡುಕ, ಜೂಜುಕೋರ, ಸೋಮಾರಿ, ಹೊಟ್ಟೆಬಾಕ, ಸದಾ ಗೊಣಗುವವ. ಲೋಕೇಶನದು ಸಕಲೇಶಪುರದ ಕಡೆ ಕಾಫಿ ತೋಟ. ಸ್ಕ್ರೀನಿಗೆ ಮೂಗು ತಾಗಿಸಿ ಪಟ್ಟಿ ಓದಿದ.

"ನಮ್ಮ ಕ್ಲಬ್ಬಿನ ಮೆಂಬರ್ ಲಿಸ್ಟ್ ಇವರಿಗೆ ಯಾರು ಕೊಟ್ಟರು?"

ಲ್ಯಾಬ್ ಬಿಟ್ಟು ಬೇರೆ ಏನೂ ಇಲ್ಲದ ಗುಮ್ಮಟದಲ್ಲಿ ಜನಕ್ಕೆ ಊರಿನ ನೆನಪು ಹತ್ತಿಕೊಂಡಿತು, ಮುಂದಿನ ರಾಕೆಟ್ ಬಂದಾಗ ಅರ್ಧ ಜನ ಅದೇ ರಾಕೆಟ್ ಹತ್ತಿ ವಾಪಸ್. ಲೋಕೇಶ ತನ್ನ ಸರದಿಯಲ್ಲಿ ಮೊದಲು ಬಾರ್ ಕಟ್ಟಿದ, ಆಮೇಲೆ ಕ್ಯಾಸಿನೊ, ಆಸ್ಪತ್ರೆ ಮೂರನೆಯದು. ಒಬ್ಬನೂ ಊರಿಗೆ ಹೋಗುವ ಮಾತೆತ್ತಲಿಲ್ಲ! ರೇಖಾಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನನ್ನ ಪ್ರಕಾರ ಈ ಗೇಮ್‌ನ ಜೀವ ಇರುವುದೇ ಈ ಜನರನ್ನು ಸಂಭಾಳಿಸುವುದರಲ್ಲಿ. 2019ರಲ್ಲಿ ಬಂದ ಗ್ರೀನ್ ಪ್ಲಾನೆಟ್ ಎಂಬ ಸೇರ್ಪಡೆಯಲ್ಲಿ ಇಡೀ ಗ್ರಹವನ್ನೇ ಹಸಿರು ಮಾಡಬಹುದು, ನೋಡಲು ಭಾರಿ ಚಂದ, ಆದರೆ ಗಾಳಿ, ಬಿಸಿ, ನೀರು, ಗಿಡ ಅಂತ ನಾಲ್ಕು ಶೇಕಡಾವಾರು ಅಂಕಿ ಏರಿಸುವುದೇ ಕೆಲಸ ಆಗಿಬಿಡುತ್ತದೆ. ನಿಜದಲ್ಲಿ ಅಷ್ಟು ಸಲೀಸಿಲ್ಲ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರಕ್ಕೆ ಒಂದು ಪಾಲೂ ಇಲ್ಲ. ಕೈಗೆ ಸಿಗುವ ಇಂಗಾಲದ ಡೈಆಕ್ಸೈಡನ್ನೆಲ್ಲ ಹೊರಗೆ ಬಿಟ್ಟರೂ ಗ್ರಹ ಬೆಚ್ಚಗಾಗಲು ಸಾಲದು ಎಂದು 2018ರಲ್ಲಿ ಜಾಕೋಸ್ಕಿ ಮತ್ತು ಎಡ್ವರ್ಡ್ಸ್ ಎಂಬ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ.

ಹಾಗಂತ ಇವರು ಬಿಡುತ್ತಾರಾ? ಗೇಮ್‌ನಲ್ಲಿ ಕಲ್ಲುಹೂವು ಹಬ್ಬಿ, ಹುಲ್ಲು ಬಂದು, ಮೋಡ ಕಟ್ಟಿತು. "ಮಳೆ!" ಎಂದು ಮಂಜ ಕೂಗಿದ. ಅದು ವಿಷದ ಮಳೆ, ಗಾಳಿ ಇನ್ನೂ ಸರಿಯಾಗಿಲ್ಲದಾಗ ಬರುವಂಥದ್ದು. ಮಂಜನಿಗೆ ವಿಷಕ್ಕಿಂತ ಮೋಡದ್ದೇ ಚಿಂತೆ: "ಹಿಂಗೆ ಮುಚ್ಚಿಕೊಂಡಿದ್ರೆ ಆಲೂಗೆ ಅಂಗಮಾರಿ ರೋಗ ಗ್ಯಾರಂಟಿ. ಮ್ಯಾಂಕೋಜೆಬ್ ಔಷಧಿ ಹೊಡೆಯೋ ಬಟನ್ ಎಲ್ಲಿದೆ?"

ಮರ ಎದ್ದ ಮೇಲೆ ಲೋಕೇಶ ಶುರು ಮಾಡಿದ. "ನೆರಳಾಯ್ತಲ್ಲ, ಅರೇಬಿಕಾ ಕಾಫಿ ಹಾಕು."

"ಅಲ್ಲಿ ಒಂದು ವರ್ಷ ಅಂದರೆ ನಮ್ಮ 687 ದಿನ" ಎಂದಳು ರೇಖಾ. "ಕಾಫಿ ಹೂ ಅರಳಿಸೋ ಹೂಮಳೆ ಯಾವಾಗ, ಕೊಯ್ಲು ಯಾವಾಗ?"

"ಸಾಲದ ಕಂತು ಯಾವ ವರ್ಷದ ಲೆಕ್ಕ?"

"ಭೂಮಿದು."

"ಹಾಗಾದರೆ ಬೇಡ."

ಮಂಜ ಇನ್ನೂ ಆ 687ರಲ್ಲೇ ಇದ್ದ. "ಅಲ್ಲಿ ಹಾಸನಾಂಬೆ ಗುಡಿ ಕಟ್ಟಿದರೆ ಬಾಗಿಲು ತೆಗೆಯೋದೂ 687 ದಿನಕ್ಕೊಂದು ಸಲ ಅಲ್ವಾ? ಕ್ಯೂ ಎಲ್ಲಿಗೆ ಹೋಗಿ ನಿಲ್ಲುತ್ತೋ ದೇವರೇ ಬಲ್ಲ."

ಕೊನೆಗೆ ಗಾಳಿ ಉಸಿರಾಡುವ ಹಾಗಾಯಿತು, ಗುಮ್ಮಟದ ಗಾಜು ತೆಗೆಯಬಹುದು ಎಂದು ಗೇಮ್ ಹೇಳಿತು. ಲೋಕೇಶ ಮೌಸ್ ಕಿತ್ತುಕೊಂಡ.

"ತೆಗೀಬೇಡ. ಆನೆ ಬಂದರೆ?"

"ಮಂಗಳನಲ್ಲಿ ಆನೆ ಎಲ್ಲಿಂದ ಬರುತ್ತೋ?"

"ನಮ್ಮ ತೋಟಕ್ಕೂ ಬರಲ್ಲ ಅಂತಲೇ ನಮ್ಮಪ್ಪ ಬೇಲಿ ಹಾಕಿಸದೆ ಬಿಟ್ಟಿದ್ದು."