ಹೆಸರಿಲ್ಲದ ತಂಡಗಳ ಕವರ್ ಹಾಡು, ನಮನ ಆಲ್ಬಂ: ಜನ ಯಾಕೆ ಕೇಳ್ತಾರೆ, ನಾವು ಹೇಗೆ ಮಾಡೋದು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪ ಕಡೆಯ ಒಂಬತ್ತು ಸಣ್ಣ ತಂಡಗಳು ಸೇರಿ ಭಾವಗೀತೆಗಳ ನಮನ ಆಲ್ಬಂ, ಅಂದರೆ ಹಿರಿಯರ ಹಾಡುಗಳನ್ನೇ ನಾವು ಮತ್ತೆ ಹಾಡಿ (ಕವರ್ ಮಾಡಿ) ಅವರಿಗೆ ಗೌರವ ಸಲ್ಲಿಸುವ ಆಲ್ಬಂ, ತರಬೇಕು ಅಂತ ಹೊರಟಿದ್ದೇವೆ. ತಂಡಕ್ಕೊಂದು ಹಾಡು. ಅರ್ಧ ತಂಡಗಳದ್ದು ಹಾರ್ಮೋನಿಯಂ, ತಬಲಾ, ಕೊಳಲು. ಉಳಿದವರದ್ದು ಗಿಟಾರ್, ಕಹೋನ್ (ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ), ಕೀಬೋರ್ಡ್. ಜಿಲ್ಲೆಯ ಆಚೆ ಇವರ ಹೆಸರು ಯಾರಿಗೂ ಗೊತ್ತಿಲ್ಲ.

ಕೇಳಬೇಕಾದ್ದು ಎರಡು. ಮೂಲ ಹಾಡು ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲೇ ಸಿಗುವಾಗ ಗೊತ್ತಿಲ್ಲದ ತಂಡದ ಕವರನ್ನು ಕೇಳುಗರು ಯಾಕೆ ಹುಡುಕಿಕೊಂಡು ಬರಬೇಕು? ಎರಡನೆಯದು, ಹಾಡಿನ ಆಯ್ಕೆ, ಅನುಮತಿ, ರೆಕಾರ್ಡಿಂಗ್ ಇವುಗಳಲ್ಲಿ ಎಲ್ಲಿ ಎಡವುತ್ತಾರೆ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೇ ಕ್ಯಾಸೆಟ್ (ಸಾಗರ)

ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಹಾಡು ಗೊತ್ತು, ಹಾಡುವವರು ಗೊತ್ತಿಲ್ಲ, ಅದಕ್ಕೇ ಕೇಳ್ತಾರೆ. ಹೆಸರಾಂತ ಗಾಯಕರು ಕವರ್ ಮಾಡಿದರೆ ಕಿವಿ ಅವರ ದನಿಯ ಹಿಂದೆ ಹೋಗುತ್ತೆ. ಅಪರಿಚಿತ ತಂಡ ಹಾಡಿದಾಗ ಹಿಡಿದುಕೊಳ್ಳೋಕೆ ಹಾಡೊಂದೇ ಇರೋದು. ಎಲ್ಲಿ ನಿಧಾನ ಮಾಡಿದರು, ಯಾವ ಪದದ ಮೇಲೆ ನಿಂತರು, ಯಾವ ವಾದ್ಯ ಬಿಟ್ಟರು ಅನ್ನೋದೆಲ್ಲ ಕೇಳಿಸೋಕೆ ಶುರುವಾಗುತ್ತೆ.

ಹೊರಗಿನ ಒಂದು ಉದಾಹರಣೆ ಇಲ್ಲಿ ನಿಜವಾಗಿ ಬೇಕು. ಕೆನಡಾದ ಕವಿ, ಗಾಯಕ ಲೆನರ್ಡ್ ಕೋಹೆನ್‌ಗೆ ನಮನವಾಗಿ 1991ರಲ್ಲಿ ಫ್ರಾನ್ಸಿನ ಒಂದು ಸಂಗೀತ ಪತ್ರಿಕೆ ‘ಐಯಾಮ್ ಯುವರ್ ಫ್ಯಾನ್’ ಆಲ್ಬಂ ಮಾಡಿಸಿತು. ಆರ್.ಇ.ಎಂ., ಪಿಕ್ಸೀಸ್‌ನಂಥ ಹೆಸರಾದ ತಂಡಗಳ ಜೊತೆಗೆ ಡೆಡ್ ಫೇಮಸ್ ಪೀಪಲ್‌ನಂಥ ಕಡಿಮೆ ಹೆಸರಿನ ತಂಡಗಳೂ ಅದರಲ್ಲಿ ಇದ್ದವು. ಕೋಹೆನ್ ಅವರ ‘ಹಲ್ಲೆಲೂಯಾ’ 1984ರಲ್ಲೇ ಬಂದಿದ್ದರೂ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಈ ಆಲ್ಬಂಗೆ ಅದನ್ನು ಹಾಡಿದ ಜಾನ್ ಕೇಲ್, ಕವಿಯಿಂದಲೇ ಹೆಚ್ಚಿನ ಚರಣಗಳನ್ನು ತರಿಸಿಕೊಂಡು, ತನಗೆ ಬೇಕಾದ್ದನ್ನು ಆರಿಸಿ, ಪಿಯಾನೋ ಒಂದನ್ನೇ ಇಟ್ಟುಕೊಂಡು ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಹಾಡಿದ್ದು ಕೇಲ್ ಅವರ ಆ ರೂಪವನ್ನೇ ಹಿಡಿದು. ಇವತ್ತು ಜಗತ್ತಿಗೆ ಗೊತ್ತಿರೋ ಆ ಹಾಡು ಒಂದು ನಮನ ಆಲ್ಬಂನ ದಾರಿಯಲ್ಲಿ ಬಂದದ್ದು.

ಅಲ್ಲಿಂದ ನಮಗೆ ಸಿಗುವ ಪಾಠ ಬಿಟ್ಟುಹೋದ ಚರಣಗಳದ್ದು. ನಮ್ಮ ಭಾವಗೀತೆಗಳು ಹೆಚ್ಚಿನವು ಮನೆಮನೆಗೆ ಬಂದದ್ದು ಕ್ಯಾಸೆಟ್ ಕಾಲದಲ್ಲಿ, 1978ರ ‘ನಿತ್ಯೋತ್ಸವ’ದಿಂದ ಈಚೆಗೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷ. ಐದಾರು ಹಾಡು ಹಿಡಿಸಬೇಕಾದರೆ ಉದ್ದದ ಕವಿತೆ ಪೂರ್ತಿ ಬರೋದಿಲ್ಲ. ಕವನ ಸಂಕಲನ ತೆಗೆದು ಹಾಡಿನ ಪಕ್ಕ ಇಟ್ಟು ನೋಡಿ: ಹಾಡದೆ ಉಳಿದ ಚರಣ ಎಷ್ಟೋ ಕವಿತೆಗಳಲ್ಲಿ ಸಿಗುತ್ತೆ. ಅದನ್ನು ಹಾಡಿದ ತಂಡ ಕೇಳುಗರಿಗೆ ಗೊತ್ತಿದ್ದ ಹಾಡಿನೊಳಗೇ ಗೊತ್ತಿಲ್ಲದ್ದನ್ನು ಕೊಟ್ಟ ಹಾಗೆ.

ಧಾಟಿ ಬದಲಾದರೆ ಜನ ಒಪ್ಪಲ್ಲ ಅನ್ನೋ ಹೆದರಿಕೆ ಪೂರ್ತಿ ಸುಳ್ಳಲ್ಲ. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿ ಧಾಟಿಯೋ ಅಶ್ವತ್ಥ್ ಧಾಟಿಯೋ ಅನ್ನೋ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರದ್ದನ್ನು ಎರಡೂವರೆ ನಿಮಿಷಕ್ಕೆ ನಿಗದಿ ಮಾಡಬೇಕಾಯ್ತು. ಧಾಟಿಯ ಬಗ್ಗೆ ಇಷ್ಟು ಜೋರಾಗಿ ವಾದ ಮಾಡೋ ಕೇಳುಗರು ಇದ್ದಾರೆ ಅಂದರೆ, ನಿಮ್ಮ ಆಲ್ಬಂಗೆ ಕಿವಿಗಳು ತಯಾರಿವೆ ಅಂತಲೇ ಅರ್ಥ.

ಏಳುಮಾತ್ರೆ (ತೀರ್ಥಹಳ್ಳಿ)

ಮೇಲಿನವರು ಹೇಳಿದ್ದು ಸರಿ. ಆದರೆ ಏನು ಬದಲಾಯಿಸೋದು ಅನ್ನೋದರಲ್ಲೇ ತಂಡಗಳು ಮುಗ್ಗರಿಸೋದು. ಒಂಬತ್ತೂ ತಂಡಗಳಿಗೆ ಒಂದು ಕಟ್ಟುಪಾಡು ಹಾಕಿ: ಪಲ್ಲವಿಯ ಧಾಟಿ ಗುರುತು ಸಿಗಬೇಕು, ಲಯ, ಶ್ರುತಿ, ವಾದ್ಯ, ಚರಣದ ನಡೆ, ಇವುಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಮುಟ್ಟಬೇಕು. ಎಲ್ಲವನ್ನೂ ಬದಲಾಯಿಸಿದರೆ ಹಾಡೇ ಬೇರೆ ಆಗುತ್ತೆ. ಏನನ್ನೂ ಮುಟ್ಟದಿದ್ದರೆ ಆರ್ಕೆಸ್ಟ್ರಾದವರ ನಕಲು ಆಗುತ್ತೆ, ಅದಕ್ಕೆ ಮೂಲವನ್ನೇ ಕೇಳಬಹುದು.

ಗಿಟಾರ್ ತಂಡಗಳು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕವಿತೆಗಳು ಮಾತ್ರೆಯ ಲೆಕ್ಕದ ಮೇಲೆ ನಿಂತಿವೆ. ಮೂರು–ಮೂರರ ನಡೆ ದಾದ್ರಾ ತಾಳದ ಆರಕ್ಕೆ ಸಲೀಸಾಗಿ ಕೂರುತ್ತೆ. ಮೂರು–ನಾಲ್ಕರ ನಡೆಗೆ ಏಳರ ತಾಳ ಬೇಕು. ಅದನ್ನು ಕಹೋನ್‌ನ ನಾಲ್ಕು–ನಾಲ್ಕಕ್ಕೆ ತುರುಕಿದರೆ ಪ್ರತಿ ಏಳಕ್ಕೂ ಒಂದು ಮಾತ್ರೆ ಹೆಚ್ಚಿಗೆ ತುಂಬಬೇಕಾಗುತ್ತೆ. ಹಾಡುವವರು ಗೊತ್ತಿಲ್ಲದೆ ಪದದ ನಡುವಿನ ಹ್ರಸ್ವ ಎಳೆದುಬಿಡ್ತಾರೆ. ಆಗ ‘ಮನ’ ಹೋಗಿ ‘ಮಾನ’ ಆಗುತ್ತೆ, ‘ಮರ’ ಹೋಗಿ ‘ಮಾರ’ ಆಗುತ್ತೆ. ಕವಿ ಬರೆದದ್ದು ಮರ, ಕೇಳಿಸೋದು ಮನ್ಮಥ!

ಇದಕ್ಕೆ ಮದ್ದು ಇದೆ. ಮೊದಲು ವಾದ್ಯ ಇಲ್ಲದೆ ಚರಣವನ್ನು ಗಟ್ಟಿಯಾಗಿ ಓದಿ, ಕೈಯಲ್ಲಿ ಮಾತ್ರೆ ಎಣಿಸಿ, ಗಣ ಒಡೆಯುವ ಕಡೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ. ತುಂಬಬೇಕಾದ ಮಾತ್ರೆಯನ್ನು ಸಾಲಿನ ಕೊನೆಯ ಸ್ವರಕ್ಕೆ ಕೊಡಿ, ಇಲ್ಲವೇ ಅಲ್ಲಿ ಸುಮ್ಮನೆ ಬಿಡುವು ಬಿಡಿ. ಏಳರಲ್ಲೇ ನುಡಿಸೋಕೆ ಬರುವ ಡ್ರಮ್ಮರ್ ಇದ್ದರಂತೂ ಏಳರಲ್ಲೇ ಬಿಡಿ, ಗಿಟಾರಿನ ಮೇಲೆ ಅದು ತುಂಬ ಚೆಂದ ಕೇಳುತ್ತೆ.

ಮತ್ತೆ, ಎಲ್ಲರೂ ಬಾಯಿಪಾಠ ಇರೋ ಹಾಡನ್ನೇ ಆರಿಸಿಕೊಂಡರೆ ಆಲ್ಬಂ ಸತ್ತ ಹಾಗೆ. ಒಂಬತ್ತರಲ್ಲಿ ಮೂರು ಎಲ್ಲರಿಗೂ ಗೊತ್ತಿರೋದು, ಆರು ಹೆಚ್ಚು ಓಡಾಡದೇ ಇರೋದು ಅಂತ ಮೊದಲೇ ಮಾತಾಡಿಕೊಳ್ಳಿ.

ಕಡತ (ಶಿವಮೊಗ್ಗ)

ಅನುಮತಿ ವಿಷಯ. ಇದನ್ನು ರೆಕಾರ್ಡಿಂಗ್ ಮುಗಿದ ಮೇಲೆ ನೋಡಿಕೊಂಡರಾಯ್ತು ಅಂತ ಬಿಡಬೇಡಿ.

ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 31ಸಿ ಅನ್ನೋ ಕಲಂ ಸೇರಿದೆ, ಕವರ್ ಹಾಡಿಗೆಂದೇ ಇರುವ ಪರವಾನಗಿ. ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚೆ ನೋಟಿಸ್ ಕೊಡಬೇಕು, ರಾಯಧನ ಮುಂಗಡ ಕಟ್ಟಬೇಕು. ಓದೋಕೆ ಸುಲಭ ಅನ್ನಿಸುತ್ತೆ. ಆದರೆ ನಿಮ್ಮ ಕೆಲಸಕ್ಕೆ ಮೂರು ಕಡೆ ಒದಗಲ್ಲ. ಒಂದು, ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ. ನಿರ್ದಿಷ್ಟ ಭಾಷೆಗೆ ಕಡಿಮೆ ಮಾಡಲು ಅವಕಾಶ ಕಾಯ್ದೆಯಲ್ಲಿ ಇದೆ, ಆದರೆ ಆ ಆದೇಶ ಕೈಯಲ್ಲಿ ಇಲ್ಲದೆ ಅದನ್ನು ನಂಬಿ ಹೊರಡಬೇಡಿ. ಎರಡು, ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಹೊಸ ಬದಲಾವಣೆ ಮಾಡೋ ಹಾಗಿಲ್ಲ. ಮೂರು, ಅದೇ ಹಾಡನ್ನು ಹಿಂದೆ ಹಾಡಿದ ಕಲಾವಿದರ ಹೆಸರು, ಚಿತ್ರ ಮೇಲುಹೊದಿಕೆಯಲ್ಲಿ ಇರಬಾರದು. ನಮನ ಆಲ್ಬಂ ಅಂದ ಮೇಲೆ ಬದಲಾವಣೆಯೂ ಬೇಕು, ಯಾರಿಗೆ ನಮನ ಅನ್ನೋ ಹೆಸರೂ ಬೇಕು. ಹಾಗಾಗಿ ಈ ದಾರಿ ಬಿಟ್ಟು ಹಕ್ಕುದಾರರ ಹತ್ತಿರವೇ ಲಿಖಿತ ಅನುಮತಿ ತಗೊಳ್ಳಿ.

ಒಂದು ಹಾಡಿಗೆ ಎರಡು ಹಕ್ಕು ಇರುತ್ತೆ: ಮಾತಿನದು ಕವಿಯದ್ದು, ಧಾಟಿ ಸಂಯೋಜಕರದ್ದು. ಎರಡಕ್ಕೂ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ. ಕುವೆಂಪು ತೀರಿಕೊಂಡದ್ದು 1994, ಅಂದರೆ 2054ರ ಕೊನೆಯವರೆಗೆ. ಬಿ.ಎಂ.ಶ್ರೀ. 1946ರಲ್ಲಿ ಹೋದವರು, ಅವರ ಮಾತುಗಳು ಈಗ ಮುಕ್ತ. ಆದರೆ ಅವುಗಳಿಗೆ ಆಮೇಲೆ ಯಾರಾದರೂ ಧಾಟಿ ಹಾಕಿದ್ದರೆ ಆ ಧಾಟಿ ಮುಕ್ತ ಅಲ್ಲ. ಶರೀಫರ ಪದಗಳದ್ದೂ ಇದೇ ಕಥೆ. 1889ರಲ್ಲಿ ತೀರಿಕೊಂಡ ಶರೀಫರ ಮಾತಿಗೆ ಯಾರ ಅಪ್ಪಣೆಯೂ ಬೇಡ. ಅಶ್ವತ್ಥ್ ಹಾಕಿದ ಧಾಟಿಗೆ ಬೇಕು, ಅವರು ತೀರಿಕೊಂಡದ್ದು 2009. ಭಜನೆ ಮೇಳದವರು ತಲೆಮಾರಿನಿಂದ ಹೇಳಿಕೊಂಡು ಬಂದ ಮಟ್ಟು ಹಿಡಿದರೆ ಆ ತೊಡಕೂ ಇಲ್ಲ.

ಪತ್ರದಲ್ಲಿ ಇಷ್ಟು ಇರಲಿ: ಹಾಡಿನ ಹೆಸರು, ಯಾವ ಯಾವ ಚರಣ, ಏನು ಬದಲಾವಣೆ, ಸಿ.ಡಿ.ಯೋ ಸ್ಟ್ರೀಮಿಂಗೋ ಎರಡೂನೋ, ವಿಡಿಯೋ ಇದೆಯೋ, ಎಷ್ಟು ವರ್ಷಕ್ಕೆ, ಎಷ್ಟು ಹಣ. ವಿಡಿಯೋ ಮರೆಯಬೇಡಿ, ಆಡಿಯೋಗೆ ಕೊಟ್ಟ ಒಪ್ಪಿಗೆ ವಿಡಿಯೋಗೆ ನಡೆಯಲ್ಲ. ಜೊತೆಗೆ ಆ ಒಂಬತ್ತು ತಂಡಗಳ ಹತ್ತಿರವೂ ಒಂದೊಂದು ಸಹಿ ಹಾಕಿಸಿಕೊಳ್ಳಿ. ಹೊಸ ರೆಕಾರ್ಡಿಂಗ್ ಯಾರದ್ದು ಅಂತ ಬರೆಯದೇ ಬಿಟ್ಟರೆ ಮುಂದೆ ಸ್ನೇಹ ಹಾಳಾಗೋದು ಅಲ್ಲೇ.

ಮಳೆಬಿಲ್ಲೆ (ಆಗುಂಬೆ)

ರೆಕಾರ್ಡಿಂಗ್ ಬಗ್ಗೆ. ಮೊದಲು ತಿಂಗಳು ಗೊತ್ತು ಮಾಡಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ದರೆ ಯಾವ ಸಾಫ್ಟ್‌ವೇರೂ ಅದನ್ನು ತೆಗೆಯಲ್ಲ, ತೆಗೆದರೆ ಜೊತೆಗೆ ಕೊಳಲಿನ ಉಸಿರೂ ಹೋಗುತ್ತೆ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ತಂಡದವರೇ ಕೈಗೆ ಸಿಗಲ್ಲ, ಸಿಕ್ಕಿದರೂ ಅಡಿಕೆ ಸುಲಿಯುವ ಯಂತ್ರದ ಸದ್ದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ, ಊರಿನ ಜಾತ್ರೆ ದಿನ ಬಿಟ್ಟು ಇಟ್ಟುಕೊಳ್ಳಿ. ಸಂಜೆ ಆದ ಮೇಲೆ ಜೀರುಂಡೆ ಶುರು. ಅದರ ಸದ್ದು ‘ಸ’, ‘ಶ’ ಇರೋ ಎತ್ತರದಲ್ಲೇ ಕೂರೋದರಿಂದ ಕತ್ತರಿಸೋಕೆ ಹೋದರೆ ಮಾತು ಮಂಕಾಗುತ್ತೆ. ಹಗಲೇ ಒಳ್ಳೆಯದು.

ಜಾಗಕ್ಕೆ ನಡುಮನೆ ಬೇಡ, ರೆಡ್ ಆಕ್ಸೈಡ್ ನೆಲ, ಬರಿ ಗೋಡೆ, ಸದ್ದು ತಿರುಗಿ ಹೊಡೆಯುತ್ತೆ. ಅಕ್ಕಿ ಚೀಲ, ಹಾಸಿಗೆ ತುಂಬಿದ ಕೋಣೆ ಇದ್ದರೆ ಅದೇ ಸ್ಟುಡಿಯೋ. ಕೆಳಗೆ ಜಮಖಾನ, ಹಾಡುವವರ ಬೆನ್ನ ಹಿಂದೆ ಎರಡು ಕಂಬಳಿ. ಮೈಕು ಬಾಯಿಂದ ಒಂದು ಗೇಣು, ಸ್ವಲ್ಪ ಓರೆ. ನೇರ ಇಟ್ಟರೆ ‘ಪ’, ‘ಭ’ ಬಂದಾಗ ಗಾಳಿ ಹೊಡೆಯುತ್ತೆ. ಕಂಡೆನ್ಸರ್ ಮೈಕು ಇಲ್ಲಿನ ತೇವಕ್ಕೆ ಚಟಪಟ ಅನ್ನುತ್ತೆ, ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿಯೇ ಇಡಿ.

ಶ್ರುತಿ ವಿಷಯ ಎಲ್ಲರೂ ಮರೆಯೋದು. ಹಳೇ ಹಾರ್ಮೋನಿಯಂಗಳು ಈಗಿನ ವಾದ್ಯಗಳ ಶ್ರುತಿಯಾದ 440 ಹರ್ಟ್ಸ್‌ಗೆ ಸರಿಯಾಗಿ ಇರೋದು ಕಡಿಮೆ. ಫೋನಿನ ಟ್ಯೂನರಿನಲ್ಲಿ ನೋಡಿ. 444 ತೋರಿಸಿದರೆ ಸುಮಾರು 16 ಸೆಂಟ್ (ಅರ್ಧ ಸ್ವರದ ನೂರರಲ್ಲಿ 16 ಪಾಲು) ಮೇಲಿದೆ ಅಂತ. ಹಾರ್ಮೋನಿಯಂ ಬದಲಾಗಲ್ಲ, ಹಾಗಾಗಿ ಗಿಟಾರನ್ನೂ ಕೀಬೋರ್ಡನ್ನೂ 444ಕ್ಕೆ ತನ್ನಿ. ಕೊಳಲನ್ನು ಕೊನೆಗೆ ರೆಕಾರ್ಡ್ ಮಾಡಿ. ತಬಲಾ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತೆ. ಬೆಂಕಿ ಹತ್ತಿರ ಹಿಡಿಯಬೇಡಿ, ನಡುವಿನ ಕರಣೆ (ಕಪ್ಪು ಬೊಟ್ಟು) ಬಿರುಕು ಬಿಡುತ್ತೆ. ಬೆಳಿಗ್ಗೆಯೇ ಒಣ ಕೋಣೆಯಲ್ಲಿ ಇಟ್ಟು, ಪ್ರತಿ ಟೇಕಿಗೂ ಮುಂಚೆ ಸರಿಮಾಡಿಕೊಳ್ಳಿ.

ಫೈಲು 24 ಬಿಟ್, 48 ಕಿಲೋಹರ್ಟ್ಸ್, ವೇವ್. ಅತಿ ಜೋರಿನ ಜಾಗದಲ್ಲಿ ಮೀಟರು ಮೈನಸ್ 10 ಡೆಸಿಬೆಲ್ ದಾಟಬಾರದು. ಪ್ರತಿ ವಾದ್ಯ ಬೇರೆ ಬೇರೆ ಫೈಲು, ಎಲ್ಲವೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರು, ರಿವರ್ಬ್ (ಸೇರಿಸುವ ಮಾರ್ದನಿ) ಇಲ್ಲದೆ. ತಂಡದವರು ಜೋರು ಕೇಳಲಿ ಅಂತ ಲಿಮಿಟರ್ (ಸದ್ದಿನ ಏರಿಳಿತ ಒತ್ತಿ ಹಿಡಿಯುವ ಸಾಧನ) ಹಾಕಿ ಕಳಿಸಿಬಿಡ್ತಾರೆ, ಆಮೇಲೆ ಒಂಬತ್ತು ಹಾಡನ್ನು ಒಂದೇ ಆಲ್ಬಂ ಆಗಿ ಕೂರಿಸೋದು ಅಸಾಧ್ಯ.

ತುಂಗಾತೀರ (ಶಿವಮೊಗ್ಗ)

ತುಂಬ ಉಪಕಾರ ಆಯ್ತು. 31ಸಿಯ ಹೆಸರು–ಚಿತ್ರದ ಷರತ್ತು ಗೊತ್ತೇ ಇರಲಿಲ್ಲ, ಪೋಸ್ಟರಿನಲ್ಲಿ ಸುಬ್ಬಣ್ಣ ಅವರ ಚಿತ್ರ ಹಾಕುವವರಿದ್ದೆವು. ಕೊನೆಗೊಂದು: ಹಾಡುಗಳ ಸರದಿ ಹೇಗೆ?

ಏಳುಮಾತ್ರೆ (ತೀರ್ಥಹಳ್ಳಿ)

ಕಾಗದದ ಮೇಲೆ ಪ್ರತಿ ಹಾಡಿನ ಶ್ರುತಿ, ತಾಳ, ವೇಗ, ಮೊದಲ ವಾದ್ಯ, ಕೊನೆಯ ವಾದ್ಯ ಬರೆದುಕೊಳ್ಳಿ. ಪಕ್ಕಪಕ್ಕದ ಹಾಡುಗಳು ಅರ್ಧ ಸ್ವರದ ಅಂತರದಲ್ಲಿ ಇರಬಾರದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರ ಹಾಡಿನ ಬೆನ್ನಿಗೇ ಬಿಳಿ ಎರಡರದ್ದು ಬಂದರೆ ಅಪಸ್ವರ ಹಿಡಿದ ಹಾಗೆ ಕೇಳುತ್ತೆ. ಎರಡು ಹಾರ್ಮೋನಿಯಂ ಹಾಡುಗಳ ನಡುವೆ ಒಂದು ಗಿಟಾರಿನದ್ದು. ಗೊತ್ತಿರುವ ಮೂರು ಹಾಡುಗಳನ್ನು ಒಂದು, ನಾಲ್ಕು, ಎಂಟನೇ ಜಾಗಕ್ಕೆ ಇಡಿ. ಕೊನೆಯದು ಹೊಸ ಚರಣ ಇರೋ ಹಾಡು ಆಗಲಿ, ಆ ಚರಣ ಪೂರ್ತಿ ಕಿರುಹೊತ್ತಗೆಯಲ್ಲಿ ಅಚ್ಚಾಗಲಿ, ತಂಡದವರೆಲ್ಲರ ಹೆಸರು, ಊರು, ನುಡಿಸಿದ ವಾದ್ಯದ ಸಮೇತ.