ಅಮೆರಿಕದ ಕಾಲೇಜು ಫುಟ್‌ಬಾಲ್: ಕೊನೆಯ ಸೆಕೆಂಡಿನ ಶ್ರೇಷ್ಠ ಪ್ಲೇ ಯಾವುದು?

ಶನಿವಾರದ ಪ್ರೇಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜು ಫುಟ್‌ಬಾಲ್ ಅನ್ನು ಆಸಕ್ತಿಯಿಂದ ನೋಡುವ ಕನ್ನಡಿಗರು ಇಲ್ಲಿ ಇದ್ದೇ ಇರುತ್ತಾರೆಂಬ ಭರವಸೆಯಿಂದ ಕೇಳುತ್ತಿದ್ದೇನೆ. ಕೊನೆಯ ಕ್ಷಣದಲ್ಲಿ ಪಂದ್ಯದ ಫಲಿತಾಂಶವನ್ನೇ ತಿರುಗಿಸಿದ ಪ್ಲೇಗಳಲ್ಲಿ (ಪ್ಲೇ ಎಂದರೆ ಚೆಂಡು ಆಟಕ್ಕಿಳಿದು ನಿಲ್ಲುವವರೆಗಿನ ಒಂದು ಸುತ್ತು) ಅತಿ ಶ್ರೇಷ್ಠವಾದದ್ದು ಯಾವುದು? ಚರ್ಚೆ ದಾರಿ ತಪ್ಪದಿರಲು ಒಂದೇ ಒಂದು ಷರತ್ತು ಹಾಕುತ್ತೇನೆ: ಚೆಂಡು ಇನ್ನೂ ಆಟದಲ್ಲಿರುವಾಗಲೇ ಗಡಿಯಾರ ಸೊನ್ನೆ ಮುಟ್ಟಿರಬೇಕು. ಹಾಗಾಗಿ 2017ರ ಜನವರಿಯ ಫೈನಲ್‌ನಲ್ಲಿ ಡಿಶಾನ್ ವಾಟ್ಸನ್ ಎಸೆತವನ್ನು ಹಂಟರ್ ರೆನ್‌ಫ್ರೋ ಹಿಡಿದು ಗಳಿಸಿದ ಟಚ್‌ಡೌನ್ (ಎದುರಾಳಿಯ ಕೊನೆಯ ಪಟ್ಟಿಯೊಳಗೆ ಚೆಂಡು ಒಯ್ದು ಪಡೆಯುವ ಆರು ಅಂಕ), ಒಂದು ಸೆಕೆಂಡ್ ಉಳಿದಿದ್ದರಿಂದ, ಈ ಪಟ್ಟಿಗೆ ಸೇರುವುದಿಲ್ಲ. ಆಯ್ಕೆಯ ಜೊತೆಗೆ ನಿಮ್ಮ ಅಳತೆಗೋಲನ್ನೂ ದಯವಿಟ್ಟು ತಿಳಿಸಿ.

ದಕ್ಷಿಣದ ಓದುಗ

ನನ್ನ ಆಯ್ಕೆಯಲ್ಲಿ ಯಾವ ಗೊಂದಲವೂ ಇಲ್ಲ. 2013ರ ನವೆಂಬರ್ 30ರಂದು ಆಬರ್ನ್‌ನ ಜೋರ್ಡನ್-ಹೇರ್ ಕ್ರೀಡಾಂಗಣದಲ್ಲಿ ನಡೆದ, ಎಲ್ಲರೂ ‘ಕಿಕ್ ಸಿಕ್ಸ್’ ಎಂದು ಕರೆಯುವ ಪ್ಲೇ. ಅಲಬಾಮಾ ಆಗ ದೇಶದ ಮೊದಲ ಸ್ಥಾನದಲ್ಲಿತ್ತು, ಹಿಂದಿನ ಎರಡೂ ವರ್ಷಗಳ ಚಾಂಪಿಯನ್ ಆಗಿತ್ತು. ಆಬರ್ನ್ ನಾಲ್ಕನೆಯ ಸ್ಥಾನದಲ್ಲಿದ್ದರೂ ಅದರ ಹಿಂದಿನ ವರ್ಷ ಆಡಿದ 12 ಪಂದ್ಯಗಳಲ್ಲಿ 9ನ್ನು ಸೋತಿದ್ದ ತಂಡ.

ಅಂಕ 28-28 ಇದ್ದಾಗ ಗಡಿಯಾರ ಮುಗಿಯಿತು, ಎಲ್ಲರೂ ಹೆಚ್ಚುವರಿ ಅವಧಿಗೆ ಸಿದ್ಧರಾದರು. ಆದರೆ ತಮ್ಮ ಆಟಗಾರ ಚೆಂಡಿನೊಂದಿಗೆ ಮೈದಾನದ ಬದಿಗೆರೆ ದಾಟಿದಾಗ ಇನ್ನೂ ಒಂದು ಸೆಕೆಂಡ್ ಇತ್ತೆಂದು ಅಲಬಾಮಾದ ಕೋಚ್ ನಿಕ್ ಸೇಬನ್ ವಾದಿಸಿದರು; ರೆಫರಿಗಳು ವಿಡಿಯೊ ನೋಡಿ ಆ ಸೆಕೆಂಡನ್ನು ಮರಳಿ ಕೊಟ್ಟರು. ಆ ದಿನ ಮುಖ್ಯ ಕಿಕ್ಕರ್ ಹಲವು ಬಾರಿ ಎಡವಿದ್ದರಿಂದ ಸೇಬನ್ ಕಿರಿಯ ಆಟಗಾರ ಆಡಮ್ ಗ್ರಿಫಿತ್ ಅವರನ್ನು 57 ಗಜದ ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುವ ಯತ್ನ) ಕಳುಹಿಸಿದರು. ಚೆಂಡು ಕಂಬಗಳನ್ನು ತಲುಪಲಿಲ್ಲ. ಮೈದಾನದ ಕೊನೆಯ ಪಟ್ಟಿಯಾದ ಎಂಡ್ ಜೋನ್‌ನ ಹಿಂಭಾಗದಲ್ಲಿ ಕಾದಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಎಡಬದಿಯ ಗೆರೆಯಗುಂಟ ಇಡೀ ಮೈದಾನ ಓಡಿ ಟಚ್‌ಡೌನ್ ಮಾಡಿದರು. ಆಬರ್ನ್ 34, ಅಲಬಾಮಾ 28.

ಇದು ಸಾಧ್ಯವಾದದ್ದು ಹೇಗೆಂಬುದೇ ನನಗೆ ಹೆಚ್ಚು ಮುಖ್ಯ. ಗುರಿ ತಲುಪದೆ ಮೈದಾನದೊಳಗೇ ಇಳಿಯುವ ಫೀಲ್ಡ್ ಗೋಲ್ ಚೆಂಡು ಸತ್ತ ಚೆಂಡಲ್ಲ. ಎದುರಾಳಿ ಅದನ್ನು ಹಿಡಿದು ಓಡಬಹುದು. ಆ ಹೊತ್ತಿಗೆ ಮೈದಾನದಲ್ಲಿರುವ, ಒದೆಯುವ ತಂಡದ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಕಿಕ್ಕರ್‌ಗೆ ಗೋಡೆಯಾಗಿ ನಿಲ್ಲಲೆಂದೇ ಆರಿಸಿದ ಭಾರೀ ದೇಹದ ಲೈನ್‌ಮನ್‌ಗಳು. ಡೇವಿಸ್ ಅವರಂಥ ವೇಗದ ಆಟಗಾರನನ್ನು ತೆರೆದ ಮೈದಾನದಲ್ಲಿ ಹಿಡಿಯುವುದು ಅವರಿಂದ ಆಗುವ ಕೆಲಸವಲ್ಲ. ಬೇಡಿ ಪಡೆದ ಒಂದು ಸೆಕೆಂಡೇ ಅಲಬಾಮಾವನ್ನು ಸೋಲಿಸಿತು, ಅದರ ಚಾಂಪಿಯನ್‌ಷಿಪ್ ದಾರಿಯನ್ನೂ ಮುಚ್ಚಿತು. ಆಬರ್ನ್ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು.

ಕೊಲ್ಲಿ ತೀರದವ

ದಕ್ಷಿಣದ ಓದುಗರ ವಿವರಣೆ ಸೊಗಸಾಗಿದೆ, ಆದರೆ ಪಂದ್ಯದ ಮಹತ್ವವನ್ನೂ ಪ್ಲೇಯ ಶ್ರೇಷ್ಠತೆಯನ್ನೂ ಅವರು ಬೆರೆಸಿಬಿಟ್ಟಿದ್ದಾರೆ. ಪ್ಲೇಯನ್ನಷ್ಟೇ ತೂಗುವುದಾದರೆ 1982ರ ನವೆಂಬರ್ 20ರ ಬರ್ಕ್ಲಿಯ ಪಂದ್ಯಕ್ಕೆ ಸಾಟಿಯಿಲ್ಲ. ಅದನ್ನು ‘ದ ಪ್ಲೇ’ ಎಂದರೆ ಸಾಕು, ಬೇರೆ ಗುರುತು ಬೇಡ. ಜಾನ್ ಎಲ್ವೇ ನಾಯಕತ್ವದ ಸ್ಟ್ಯಾನ್‌ಫರ್ಡ್ ಫೀಲ್ಡ್ ಗೋಲ್‌ನಿಂದ 20-19ಕ್ಕೆ ಮುಂದೆ ಹೋದಾಗ ನಾಲ್ಕು ಸೆಕೆಂಡ್ ಉಳಿದಿತ್ತು. ಅಂಕ ಗಳಿಸಿದ ತಂಡ ಮತ್ತೆ ಆಟ ಆರಂಭಿಸಲು ಒದೆಯುವ ಕಿಕ್‌ಆಫ್ ಚೆಂಡನ್ನು ಹಿಡಿದ ಕ್ಯಾಲಿಫೋರ್ನಿಯಾದ ಕೆವಿನ್ ಮೋಯೆನ್ ಅದನ್ನು ಹಿಂದಕ್ಕೆ ಎಸೆದರು, ಅಲ್ಲಿಂದ ಅದು ಕೈಯಿಂದ ಕೈಗೆ ಒಟ್ಟು ಐದು ಬಾರಿ ದಾಟಿತು. ಪಂದ್ಯ ಮುಗಿಯಿತೆಂದು ಭಾವಿಸಿ ಸ್ಟ್ಯಾನ್‌ಫರ್ಡ್‌ನ ವಾದ್ಯವೃಂದ ಮೈದಾನದೊಳಗೇ ಬಂದುಬಿಟ್ಟಿತ್ತು. ಮರೀಯೆಟ್ ಫೋರ್ಡ್ ಬೀಳುತ್ತ ಬೀಳುತ್ತ ಹಿಂದೆ ನೋಡದೆ ಹೆಗಲ ಮೇಲಿಂದ ಎಸೆದ ಚೆಂಡು ಮತ್ತೆ ಮೋಯೆನ್ ಕೈಸೇರಿತು; ಅವರು ವಾದ್ಯಗಾರರ ನಡುವೆ ನುಗ್ಗಿ ಎಂಡ್ ಜೋನ್ ತಲುಪಿ ಒಬ್ಬ ಟ್ರಾಂಬೋನ್ ವಾದಕನನ್ನು ಕೆಡವಿದರು. 25-20. ಎಲ್ವೇ ಅವರಿಗೆ ಕಾಲೇಜಿನ ದಿನಗಳಲ್ಲಿ ಋತುವಿನ ಕೊನೆಯಲ್ಲಿ ಉತ್ತಮ ತಂಡಗಳು ಆಡುವ ಬೌಲ್ ಪಂದ್ಯ ಒಂದೇ ಒಂದೂ ಸಿಗದೇ ಹೋಯಿತು.

ಶನಿವಾರದ ಪ್ರೇಕ್ಷಕ

ಇಬ್ಬರಿಗೂ ಧನ್ಯವಾದಗಳು. ಕೊಲ್ಲಿ ತೀರದವರಲ್ಲಿ ಒಂದು ಮಾತು: ನಡುವೆ ಚೆಂಡು ದಾಟಿಸಿದವರಲ್ಲೊಬ್ಬರಾದ ಡ್ವೈಟ್ ಗಾರ್ನರ್ ಅವರ ಮೊಣಕಾಲು ನೆಲಕ್ಕೆ ತಾಗಿತ್ತೆಂಬ (ತಾಗಿದ್ದರೆ ಪ್ಲೇ ಅಲ್ಲೇ ಮುಗಿಯುತ್ತಿತ್ತು) ವಾದ ಇಂದಿಗೂ ನಿಂತಿಲ್ಲ. ಆಗ ವಿಡಿಯೊ ಮರುಪರಿಶೀಲನೆ ಇರಲಿಲ್ಲ. ಆ ಎರಡು ತಂಡಗಳ ವಾರ್ಷಿಕ ಪಂದ್ಯದ ಬಹುಮಾನವಾದ ಕೊಡಲಿ ಸ್ಟ್ಯಾನ್‌ಫರ್ಡ್ ವಶದಲ್ಲಿರುವಷ್ಟು ಕಾಲ ಅದರ ಫಲಕದಲ್ಲಿ 1982ರ ಅಂಕವನ್ನು ತಮ್ಮ ಕಡೆಗೆ 20-19 ಎಂದು ಬದಲಿಸುತ್ತಾರೆ. ಸಂದೇಹ ಉಳಿದಿರುವ ಪ್ಲೇಗೆ ಮೊದಲ ಸ್ಥಾನ ಕೊಡಬಹುದೇ?

ಎಸೆತದ ಪರ

ಕೊಡಬಾರದೆಂಬುದೇ ನನ್ನ ಅಭಿಪ್ರಾಯ. 2015ರಲ್ಲಿ ಮಯಾಮಿ ತಂಡ ಡ್ಯೂಕ್ ವಿರುದ್ಧ ಇದೇ ರೀತಿ ಎಂಟು ಬಾರಿ ಚೆಂಡು ದಾಟಿಸಿ ಗೆದ್ದಾಗ, ರೆಫರಿಗಳು ತಪ್ಪು ಮಾಡಿದ್ದಾರೆಂದು ಆ ಎರಡೂ ತಂಡಗಳು ಸೇರಿದ್ದ ಕಾಲೇಜುಗಳ ಲೀಗೇ ಮರುದಿನ ಒಪ್ಪಿಕೊಂಡು ಆ ರೆಫರಿಗಳನ್ನು ಅಮಾನತು ಮಾಡಿತು. ಆದರೆ ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಇನ್ನು ಕಿಕ್ ಸಿಕ್ಸ್ ಕೂಡ ಎದುರಾಳಿಯ ತಪ್ಪು ಲೆಕ್ಕಾಚಾರದ ಫಲವೇ. ಗೆಲ್ಲಲೆಂದೇ ಹೆಣೆದು, ಗೆದ್ದೇ ತೋರಿಸಿದ ಪ್ಲೇ ಬೇಕೆಂದರೆ 1984ರ ನವೆಂಬರ್ 23ಕ್ಕೆ ಹೋಗಬೇಕು. ಹಾಲಿ ಚಾಂಪಿಯನ್ ಮಯಾಮಿ 45-41ರಿಂದ ಮುಂದಿತ್ತು, ಆರು ಸೆಕೆಂಡ್ ಬಾಕಿ ಇತ್ತು. ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ, ತಂಡದ ದಾಳಿ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ತೀರ ಗಿಡ್ಡ ಆಳು. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು, ಎದುರುಗಾಳಿಯಲ್ಲಿ 60 ಗಜಕ್ಕೂ ದೂರ ಚೆಂಡನ್ನು ಎಸೆದರು. ಅಷ್ಟು ದೂರ ಬರಲಾರದೆಂದು ಮಯಾಮಿಯ ರಕ್ಷಕರು ಮುಂದೆ ನಿಂತಿದ್ದರು. ಅವರ ಬೆನ್ನ ಹಿಂದೆ ಜೆರಾರ್ಡ್ ಫೆಲನ್ ಚೆಂಡನ್ನು ಎದೆಗವಚಿಕೊಂಡರು. 47-45. 1994ರಲ್ಲಿ ಕೊಲರಾಡೊದ ಕೊರ್ಡೆಲ್ ಸ್ಟೀವರ್ಟ್ ಮಿಷಿಗನ್ ವಿರುದ್ಧ ಎಸೆದದ್ದು ಇದಕ್ಕಿಂತ ದೂರ, ಆದರೆ ಅದು ಇನ್ನೊಬ್ಬರ ಕೈಗೆ ತಾಗಿ ಮೈಕಲ್ ವೆಸ್ಟ್‌ಬ್ರೂಕ್ ಅವರಿಗೆ ಸಿಕ್ಕಿತು.

ದಕ್ಷಿಣದ ಓದುಗ

ಫ್ಲೂಟಿಯ ಎಸೆತವನ್ನು ನಾನು ಎರಡನೆಯ ಸ್ಥಾನದಲ್ಲಿಡುತ್ತೇನೆ, ಸಂತೋಷದಿಂದ. ಆದರೆ ಕಿಕ್ ಸಿಕ್ಸ್ ಬರೀ ಎದುರಾಳಿಯ ತಪ್ಪೆಂಬುದನ್ನು ಒಪ್ಪಲಾರೆ. ಗ್ರಿಫಿತ್ ಒದೆಯುವ ಮೊದಲು ಆಬರ್ನ್ ಕೋಚ್ ಗಸ್ ಮಲ್ಜಾನ್ ಟೈಮ್‌ಔಟ್ ಕರೆದರು. ಅದಕ್ಕೆ ಮುಂಚೆ ಕಂಬಗಳ ಕೆಳಗೆ ಬೇರೊಬ್ಬ ಆಟಗಾರನಿದ್ದ. ಟೈಮ್‌ಔಟ್ ಮುಗಿದಾಗ ಅಲ್ಲಿಗೆ ಹೋಗಿ ನಿಂತವರು, ಎದುರಾಳಿಗಳು ದೂರಕ್ಕೆ ಒದೆಯುವ ಪಂಟ್ ಚೆಂಡುಗಳನ್ನು ಹಿಡಿದು ಓಡುವುದರಲ್ಲಿ ಪಳಗಿದ್ದ ಡೇವಿಸ್.